ಟಕ್ ಅನ್ನಲಾರದ ಪೆನ್ಸಿಲ್ಲು

ಮರ್ಯಾದಿ ಹೋಗ್ಲಿಕ್ಕ ಮನಷ್ಯಾ ದೊಡ್ಡ ತಪ್ಪೇ ಮಾಡಬೇಕಂತ ಏನಿಲ್ಲ. ಕಿರಿಬೆರಳಿನಷ್ಟು ಒಂದು ಕೊಳವಿ ಇದ್ದರ ಸಾಕು. ಅದರ ದೆಸಿಂದ ನಾ ಉಮರ್ಗಾದಾಗ ತಲಿ ತಗ್ಗಿಸೀನಿ, ಉದಗೀರದಾಗ ತಗ್ಗಿಸೀನಿ, ನಿಲಂಗಾದಾಗಂತೂ ಮನಿ ಇರೋದೇ ಅಲ್ಲಿ, ದಿನಾ ತಗ್ಗಿಸ್ತೀನಿ.

ಮಹಾರಾಷ್ಟ್ರದ ಗಡಿಯಾಗಿನ ಈ ನಿಲಂಗಾದಾಗ ನಂದು ಲೇಥ್ ಮಷೀನಿನ ಸಣ್ಣ ದುಕಾನ ಅದ. ಲಟ್ಟಣಿಗಿ, ತೊಟ್ಟಿಲ ಕಾಲು, ಪಲಂಗದ ಕಾಲು ಮಾಡ್ಕೋತ ಸುಖದಾಗೇ ಇದ್ದೆ. ಮಗಳು ಲಾತೂರಿನ್ಯಾಗ ಡಿಪ್ಲೋಮಾ ಓದೋವಾಗ ಆಕಿ ಪೆನ್ಸಿಲ್ ಒಡದು ತಂದಳು. ಚಾಕುಲೇ ಕೆತ್ತೋ ಪೆನ್ಸಿಲ್ ಅಲ್ಲ, ಮ್ಯಾಲ ಗುಂಡಿ ಒತ್ತಿದರ ಸೀಸದ ಕಡ್ಡಿ ಹೊರಗ ಬರ್ತದಲ್ಲ, ಅದು. "ಅಪ್ಪಾ, ಮೈ ಒಡದದ, ಒಳಗಿಂದು ಚಲೋ ಅದ, ಕಟ್ಟಿಗಿದೊಂದು ಮೈ ಮಾಡಿಕೊಡು" ಅಂದಳು. ಜಾಲಿ ಕಟ್ಟಿಗಿದು ಮಾಡಿಕೊಟ್ಟೆ. ಆಕಿ ಗೆಳತ್ಯಾರು ಕೇಳಿದ್ರು, ಅವರಿಗೂ ಮಾಡಿಕೊಟ್ಟೆ. ಹಂಗೇ ಚಟ ಹತ್ತಿತು.

ಈ ಪೆನ್ಸಿಲಿನ ಹೊಟ್ಟ್ಯಾಗ ಒಂದು ಮಷೀನ ಇರ್ತದ. ಗುಂಡಿ ಒತ್ತಿದರ ಕೆಳಗ ಅದರ ಬಾಯಿ ತೆರೀತದ, ಕಡ್ಡಿ ಒಂದೀಟು ಮುಂದ ಬರ್ತದ, ಬಿಟ್ಟರ ಬಾಯಿ ಮುಚ್ಚಿ ಕಡ್ಡಿ ಹಿಡೀತದ. ಟಕ್. ಅಷ್ಟೇ ಅದರ ಕೆಲಸ. ಕಟ್ಟಿಗಿ ನಾ ಕಡೀತೀನಿ, ಮಷೀನ ಉದಗೀರದಿಂದ ತರ್ತೀನಿ. ಹೊರಗಿಂದು ನಂದು, ಒಳಗಿಂದು ಇನ್ನೊಬ್ಬರದು, ಕೆಟ್ಟಾಗ ಮಾತ್ರ ಪೂರಾ ನಂದು.

ಅಷ್ಟೊತ್ತಿಗೆ ಮಗಳ ಲಗ್ನದ ಮಾತು ಎದ್ದಿತು. ಹುಡುಗ ಆಕಿ ಜೋಡಿನೇ ಓದಿದಂವಾ, ಉದಗೀರದಂವಾ. ಇಬ್ಬರ ಮನಸ್ಸೂ ಕೂಡ್ಯಾವ ಅಂತ ನಮ್ಮ ಮನಿಯಾಕಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದಂಗ ಇರೋದು ಅಪ್ಪನ ಕೆಲಸ ಅಂತ ಸುಮ್ಮನಿದ್ದೆ. ಹುಡುಗನ ಅಪ್ಪ ರಿಟೈರ್ ಆದ ಡ್ರಾಯಿಂಗ್ ಮಾಸ್ತರರು. ಇದು ಕೇಳಿದ ಕೂಡಲೇ ನಾ ಹಣಿ ಬಡಕೊಂಡೆ. ಜಗತ್ತಿನ್ಯಾಗ ಬ್ಯಾರೆ ಯಾವ ಬೀಗರೂ ಸಿಗಲಿಲ್ಲ, ಪೆನ್ಸಿಲ್ ಹಿಡಿದು ಜನ್ಮ ಕಳದವರೇ ಸಿಕ್ಕರಲ್ಲ ಅಂತ.

ಮಗಳು ಹೇಳಿದಳು: "ಅಪ್ಪಾ, ಅವರು ನಮ್ಮ ಮನಿಗಿ ಬರೋದ್ರಾಗ ಒಂದು ಕೆಡಲಾರದ ಪೆನ್ಸಿಲ್ ಮಾಡು. ಆಗಲಿಲ್ಲಾಂದ್ರ ಅವರ ಮುಂದ ಪೆನ್ಸಿಲ್ ಸುದ್ದೀನೇ ತೆಗೀಬ್ಯಾಡ. ಈ ಮಾತು ಮುರದ್ರ ನಾ ಮತ್ತ ಯಾರ ಮುಂದೂ ಚಾಹಾ ಹಿಡಕೊಂಡು ಬರಂಗಿಲ್ಲ."

ಹೂಂ ಅಂದೆ.

೧. ಉಮರ್ಗಾದ ಫೇಟಾ

ಉಮರ್ಗಾದಾಗ ಒಬ್ಬ ಹೆಡ್‌ಮಾಸ್ತರರು ರಿಟೈರ್ ಆದ್ರು. ನಮ್ಮ ಮನಿಯಾಕಿಗೆ ಕಾಕಾ ಆಗಬೇಕು. ನಮ್ಮ ಕಡಿ ಸತ್ಕಾರ ಅಂದ್ರ ಶಾಲು, ತೆಂಗಿನಕಾಯಿ, ತಲಿಗಿ ಬಣ್ಣದ ಫೇಟಾ. ಹೆಡ್‌ಮಾಸ್ತರರಿಗೂ ಫೇಟಾ ಸುತ್ತಿದ್ರು, ಲಾತೂರಿನಿಂದ ಬಂದ ಮುಖ್ಯ ಪಾವ್ಣೇರಿಗೂ ಸುತ್ತಿದ್ರು. ನಾ ಸಾಗವಾನಿ ಪೆನ್ಸಿಲ್ ಒಯ್ದಿದ್ದೆ. ಒಳಗ ಪ್ಲಾಸ್ಟಿಕಿನ ಮಷೀನ. ಮನ್ಯಾಗ ಒತ್ತಿ ನೋಡಿದಾಗ ಚಲೋನೇ ಇತ್ತು.

ಮೈಕಿನ್ಯಾಗ ಹೇಳಿದ್ರು, "ನಿಲಂಗಾದ ಅಳಿಯಂದ್ರು ಕೈಲೇ ಮಾಡಿದ್ದು." ಮಂದಿ ಚಪ್ಪಾಳಿ ಹೊಡದ್ರು. ಹೆಡ್‌ಮಾಸ್ತರರು ದೊಡ್ಡ ಮನಸ್ಸಿನವರು, "ಮೊದಲ ಪಾವ್ಣೇರು ನೋಡ್ಲಿ" ಅಂತ ಅವರ ಕೈಯಾಗ ಕೊಟ್ಟರು. ಪಾವ್ಣೇರು ಬಾಗಲದ ಗಂಟಿ ಒತ್ತಿದಂಗ ಹೆಬ್ಬೆರಳಿಲೇ ಜೋರಾಗಿ ಒತ್ತಿ ಬಿಟ್ಟರು. ಸುಂಯ್ ಅಂತು. ಗುಂಡಿ ಇಲ್ಲ, ಸ್ಪ್ರಿಂಗ್ ಇಲ್ಲ. ಅವರ ಕೈಯಾಗ ಬರೇ ಕಟ್ಟಿಗಿ ಕೊಳವಿ ಉಳೀತು.

ಎಲ್ಲರೂ ಹುಡುಕಿದ್ರು. ಜಮಖಾನ ಎತ್ತಿದ್ರು, ಹಾರ ಝಾಡಿಸಿದ್ರು, ಒಬ್ಬರು ಪೇಢೆ ಡಬ್ಬಿ ಸುದ್ದಾ ತೆಗದು ನೋಡಿದ್ರು. ನಾ ಸ್ಟೇಜಿನ ಮ್ಯಾಲ, ಹೆಂಡ್ತಿ ತವರಮನಿ ಮಂದಿಯೆಲ್ಲಾ ನೋಡ್ಲಿಕತ್ತಾಗ, ಟೇಬಲ್ ಕೆಳಗ ಮೊಣಕಾಲ ಮ್ಯಾಲ ಹರದಾಡಿದೆ. ಸಿಗಲಿಲ್ಲ. ಪಾವ್ಣೇರು ಭಾಷಣಕ್ಕ ನಿಂತರು. ಭಾರೀ ರಂಗಿಗೆ ಬಂದು ತಲಿ ಅಲ್ಲಾಡಿಸಿದಾಗೆಲ್ಲ ಅವರ ಫೇಟಾದ ಮಡಿಕ್ಯಾಗ ಏನೋ ಮಿಣಿ ಮಿಣಿ ಅಂತಿತ್ತು. ನನ್ನ ಸ್ಪ್ರಿಂಗು. ನಾ ಒಬ್ಬನೇ ಕಂಡೆ. ಮುಖ್ಯ ಪಾವ್ಣೇರ ತಲಿಗಿ ಕೈ ಹ್ಯಾಂಗ ಹಾಕಬೇಕು.

ಮರುದಿನ ಹೆಡ್‌ಮಾಸ್ತರರ ಫೋನ್ ಬಂತು. "ಪಾವ್ಣೇರು ಮನಿಗಿ ಹೋಗಿ ಫೇಟಾ ಬಿಚ್ಚಿದಾಗ ಒಂದು ಗುಂಡಿ, ಒಂದು ಸ್ಪ್ರಿಂಗು ಸಿಕ್ಕಾವಂತ. ಇದು ಉಮರ್ಗಾದ ಪದ್ಧತಿ ಇರಬೇಕು ಅಂತ ದೇವರ ಮುಂದ ಇಟ್ಟಾರಂತ."

೨. ವಿಭೂತಿ

ಪ್ಲಾಸ್ಟಿಕ್ ಸಾಕು ಅಂತ ಹಿತ್ತಾಳಿ ಮಷೀನ ತಂದೆ. ಇದು ಹಾರೋದಿಲ್ಲ. ದುಕಾನದಾಗ ಕೂತು ಒತ್ತಿ ಒತ್ತಿ ನೋಡಿದೆ, ಕೆಡಲೇ ಇಲ್ಲ. ಧೈರ್ಯ ಬಂತು. ನಿಲಂಗಾದ ಮಂದಿಗೆ ಕೊಟ್ಟೆ, ಶಿರೂರ ಅನಂತಪಾಳದ ತನಕ ಹೋದವು.

ಸ್ವಲ್ಪ ದಿನಕ್ಕ ಒಂದೊಂದೇ ತಿರುಗಿ ಬಂದವು. ಒತ್ತಿದ ಗುಂಡಿ ಮ್ಯಾಲ ಬರ್ತಿದ್ದಿಲ್ಲ. ಬಿಚ್ಚಿ ಝಾಡಿಸಿ ಕೊಟ್ಟರ ಸರಿಯಾಗೋದು, ವಾರ ಬಿಟ್ಟು ಮತ್ತ ಅದೇ ಪೆನ್ಸಿಲ್, ಅದೇ ರೋಗ. ಎದುರಿಗಿನ ಚಾಹಾದಂವಂದು ಕೆಡಲಿಲ್ಲ. ಟೈಲರಂದು ಕೆಡಲಿಲ್ಲ. ನಂದು ಕೆಡಲಿಲ್ಲ. ಕೆಟ್ಟಿದ್ದು ಬರೇ ಹಿರೇ ಮಂದಿದು, ಭಕ್ತಿವಂತರದು.

ಒಂದು ಮಷೀನ ಬಿಚ್ಚಿ ಕರಿ ಅರಿವಿ ಮ್ಯಾಲ ತಟ್ಟಿದೆ. ಬೆಳ್ಳನ ಪುಡಿ ಉದುರಿತು. ಸೀಸದ ಕಡ್ಡಿ ಪುಡಿ ಕರ್ರಗ ಇರಬೇಕು, ಇದೇನು ಅಂತ ಮೂಗಿಗಿ ಹಿಡಿದು ಮೂಸಿ ನೋಡ್ಲಿಕತ್ತಿದ್ದೆ. ಮನಿಯಾಕಿ ಬಂದು ನೋಡಿ, "ಏನು ಮೂಸ್ತೀರಿ, ವಿಭೂತಿ ಅದ" ಅಂದಳು. ಮುಂಜಾನಿ ಜಳಕ ಮಾಡಿ, ಲಿಂಗಪೂಜಿ ಮಾಡಿ, ಅದೇ ಕೈಲೇ ಪೆನ್ಸಿಲ್ ಹಿಡೀತಾರ. ಬೆರಳಾಗಿನ ವಿಭೂತಿ ಗುಂಡಿ ಸಂದಿನಿಂದ ಒಳಗ ಇಳದು ಬಾಯಿ ಕಟ್ಟತದ.

ಶಿರೂರ ಅನಂತಪಾಳದ ಒಬ್ಬ ಮುತ್ಯಾ ರಿಪೇರಿಗಿ ಬಂದಾಗ ಬುದ್ಧಿ ಇಲ್ಲದಂಗ ಹೇಳಿದೆ, "ಮುತ್ಯಾ, ಪೂಜಿ ಆದ ಮ್ಯಾಲ ಕೈ ತೊಳಕೊಂಡು ಪೆನ್ಸಿಲ್ ಹಿಡೀರಿ."

ಮುತ್ಯಾ ನನ್ನ ಮಾರಿ ನೋಡಿದ್ರು. "ಲಿಂಗ ಮುಟ್ಟಿದ ಕೈ ತೊಳದು ನಿನ್ನ ಪೆನ್ಸಿಲ್ ಮುಟ್ಟಬೇಕಾ" ಅಂದ್ರು. ಸಿಟ್ಟು ಮಾಡಲಿಲ್ಲ. ಕಿಸೆದಾಗಿನ ವಿಭೂತಿ ತೆಗದು ನನ್ನ ಹಣಿಗಿ ಹಚ್ಚಿದ್ರು. "ನಿನ್ನ ಮಷೀನಕ್ಕ ಆಗಿ ಬರಲಿಲ್ಲ, ನಿನಗರ ಆಗಿ ಬರ್ಲಿ."

ಈ ಸುದ್ದಿ ಓಣಿಗೆಲ್ಲಾ ಹಬ್ಬಿತು. ಎರಡು ಮನಿ ಆಚಿನ ಅಕ್ಕೋರು ಬಂದು ಸಣ್ಣ ಧ್ವನಿಲೇ ಕೇಳಿದ್ರು, "ನಮ್ಮವರು ದಿನಾ ತಾಸುಗಟ್ಲೆ ಬಾಗಲಾ ಹಾಕ್ಕೊಂಡು ಪೂಜಿ ಮಾಡ್ತಾರ್ರೀ. ಮತ್ತ ಅವರ ಪೆನ್ಸಿಲ್ ಯಾಕ ಕೆಟ್ಟಿಲ್ಲ?" ಒಂದೊಂದು ಗಟ್ಟಿ ಇರ್ತಾವ್ರೀ ಅಂದೆ. ಅದೇ ಸಂಜಿಗಿ ಅವರ ಯಜಮಾನ್ರು ಬಂದ್ರು. ಅತ್ತ ಇತ್ತ ನೋಡಿ ಪೆನ್ಸಿಲ್ ಮುಂದ ಇಟ್ಟು, "ನಂದೂ ಒಂದೀಟು ಕೆಡಿಸಿ ಕೊಡ್ರಿ" ಅಂದ್ರು.

ಅವರು ಹೋದ ಮ್ಯಾಲ ನಾ ನಕ್ಕೆ. ಹಿಂದ ಮನಿಯಾಕಿ ನಿಂತಿದ್ದಳು. ಆಕಿ ನಗಲಿಲ್ಲ. "ಅಲ್ರೀ, ನಿಮ್ಮದೂ ಕೆಟ್ಟಿಲ್ಲಲ್ಲ?" ಅಂದಳು.

೩. ಆರಿಸಿದ್ದು, ಒಗದಿದ್ದು

ಬೀಗರು ಬರೋ ಸೋಮವಾರ ಹತ್ತಿರ ಬಂತು. ಮಗಳು ದಿನಾ ಕೇಳ್ತಿದ್ದಳು, "ಅಪ್ಪಾ, ಆತಾ?" ಮನಿಯಾಕಿಗೂ ಸೀರಿ ತರಬೇಕಿತ್ತು, ಇಬ್ಬರೂ ಕೂಡಿ ದೇವಣಿ ಮ್ಯಾಲಿಂದ ಹೋಗೋ ಬಸ್ಸಿಗೆ ಉದಗೀರಕ್ಕ ಹೋದೆವು.

ಅಷ್ಟೊತ್ತಿಗೆ ಮಷೀನ ಆರಿಸೋದ್ರಾಗ ನಾ ಪಂಡಿತ ಆಗೀನಿ ಅಂತ ತಿಳಕೊಂಡಿದ್ದೆ. ನನ್ನ ಪರೀಕ್ಷಾ ಕಿವೀಲೇ. ಚಲೋ ಮಷೀನ ಒಂದೇ ಮಾತು ಆಡತದ, ಟಕ್. ಸಡಲ ಇದ್ದಿದ್ದು ಟಕ್ ಅಂದು ಹಿಂದಿಂದ ಚಿಕ್ ಅಂತದ. ಮಷೀನ ಮಾರೋ ದುಕಾನದ ಸೇಠರ ಮುಂದ ಕೂತು ಒಂದೊಂದೇ ಕಿವಿಗಿ ಹಿಡಿದು ಒತ್ತಿದೆ. ಇದು ಬ್ಯಾಡ, ಇದು ಬ್ಯಾಡ, ಇದಂತೂ ಬ್ಯಾಡೇ ಬ್ಯಾಡ. ಡಬ್ಬಿ ಖಾಲಿ ಆತು, ಕೈಗಿ ಒಂದೂ ಬರಲಿಲ್ಲ. ಮನಿಯಾಕಿ ಮಾರಿ ಆಕಡಿ ತಿರುವಿ ಕೂತಿದ್ದಳು. ಗಿರಾಕಿಗಳು ನನ್ನ ದಾಟ್ಕೊಂಡು ರಬ್ಬರ್ ತಗೊಂಡು ಹೋಗ್ತಿದ್ರು.

ಸೇಠರು ಬ್ಯಾಸರ ಮಾಡ್ಕೊಳ್ಳದೆ ಚಾಹಾ ತರಿಸಿದ್ರು. ಚಾಹಾ ಮುಗಿದ ಮ್ಯಾಲ ಒಳಗಿಂದ ಇನ್ನೊಂದು ಡಬ್ಬಿ ತಂದು ಇಟ್ಟರು. ಒತ್ತಿದೆ, ಟಕ್. ಇನ್ನೊಂದು ಒತ್ತಿದೆ, ಟಕ್. ನನ್ನ ಮಾರಿ ಅರಳಿತು. "ಹಾಂ, ಇದಕ್ಕ ಮಾಲು ಅಂತಾರ. ಇದನ್ನ ಮೊದಲೇ ತೋರಸಬಾರದೇನ್ರೀ ಸೇಠಜೀ. ಕಿವಿ ಇದ್ದವರಿಗೆ ಇದರ ಫರಕ್ ತಿಳೀತದ" ಅಂತ ಅಲ್ಲಿದ್ದ ಗಿರಾಕಿಗಳಿಗೂ ಎರಡು ಮಾತು ತಿಳಿಸಿ ಹೇಳಿದೆ.

ಸೇಠರು ಕೈ ಮುಗದು ಅಂದ್ರು, "ಕಾಕಾ, ಇವು ಚಾಹಾಕ್ಕಿಂತ ಮೊದಲ ನೀವು ಬ್ಯಾಡ ಅಂತ ಒಗದಿದ್ದವೇ. ಡಬ್ಬಿ ಅಷ್ಟೇ ಬ್ಯಾರೆ."

ದುಕಾನ ತುಂಬ ನಕ್ಕರು. ನಾ ಆ ಡಬ್ಬಿ ಪೂರಾ ತಗೊಂಡು ಎದ್ದೆ, ಬ್ಯಾರೆ ದಾರಿ ಇರಲಿಲ್ಲ. ಬಸ್ಸಿನ್ಯಾಗ ಕೂತ ಮ್ಯಾಲ ಮನಿಯಾಕಿ ಕೇಳಿದಳು, "ನಮ್ಮ ತವರಿಗೆ, ಕಾಸಾರಶಿರಸಿಗೆ, ನನ್ನ ನೋಡ್ಲಿಕ್ಕ ಬಂದಾಗೂ ಮೊದಲ ಬ್ಯಾಡ ಅಂದು, ಚಾಹಾ ಕುಡದ ಮ್ಯಾಲ ಹೂಂ ಅಂದಿದ್ದಿರಿ, ನೆನಪದ ಏನು?"

೪. ಬೀಗರು ಬಂದ ಸೋಮವಾರ

ಆ ಡಬ್ಬಿಯಾಗಿನ ಮಷೀನ ಹಾಕಿ ಹುಣಸಿ ಕಟ್ಟಿಗಿದೊಂದು ಪೆನ್ಸಿಲ್ ಮಾಡಿದೆ. ವಿಭೂತಿ ಇಳೀಬಾರದಂತ ಗುಂಡಿ ಸಂದಿಗಿ ತೆಳ್ಳನ ವಾಶರ್ ಕೂಡಿಸಿದೆ. ಆದರೂ ನಂಬಿಕಿ ಬರಲಿಲ್ಲ. ಹಗಲೆಲ್ಲಾ ಕಿಸೆದಾಗ ಕೈ ಹಾಕಿ ಟಕ್ ಟಕ್ ಒತ್ತಿ ನೋಡೋದೇ ಆತು. ಉಣ್ಣೋವಾಗ, ನಡಿಯೋವಾಗ, ಮಂದಿ ಜೋಡಿ ಮಾತಾಡೋವಾಗ. ಕೈಗಿ ಅದು ರೂಢಿ ಆಗಿ ಒತ್ತತೀನಿ ಅನ್ನೋದೇ ನನಗ ತಿಳೀತಿದ್ದಿಲ್ಲ.

ಸೋಮವಾರ ಬಂತು. ಉದಗೀರದಿಂದ ಮಾಸ್ತರರು ಬಂದ್ರು, ಜೋಡಿ ಅವರ ಅಕ್ಕ. ಹುಡುಗನ ತಾಯಿ ಇಲ್ಲ, ಈ ಆತ್ಯಾನೇ, ಅಂದ್ರ ಸೋದರತ್ತಿನೇ, ಅಂವನ್ನ ಬೆಳಸ್ಯಾಳ. ಆಕಿ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಮುಗೀತು. ಅವರೂ ನಮ್ಮವರೇ, ಲಿಂಗ ಕಟ್ಟಿದವರೇ, ಆದರ ಮನ್ಯಾಗ ಮಾತು ಮರಾಠಿ. ಮಾಸ್ತರರಿಗೆ ಕನ್ನಡ ಬರ್ತದ, ಆತ್ಯಾಗ ತಿಳೀತದ, ಮಾತಾಡ್ಲಿಕ್ಕ ಬರಂಗಿಲ್ಲ. ನಮ್ಮ ಕಡಿಂದ ಬೀದರ ಬಾಜೂ ಹಳ್ಳಿಗಿ ಕೊಟ್ಟ ನಮ್ಮ ದೊಡ್ಡಕ್ಕ ಬಂದು ಕೂತಿದ್ದಳು. ಮಗಳು ಒಳಗ ಚಾಹಾ ಕಾಸ್ಲಿಕತ್ತಿದ್ದಳು. ನಾ ಕೈ ಅಂಗಿ ಬಾಜೂ ಕಿಸೆದಾಗ ಇಟ್ಟಕೊಂಡು ಕೂತೆ.

ಆತ್ಯಾ ಹುಡುಗನ ಗುಣ ಹೇಳ್ಲಿಕ್ಕ ಸುರು ಮಾಡಿದಳು. "ಆಮಚಾ ಮುಲಗಾ ಸುಪಾರೀ ಸುದ್ಧಾ ಖಾತ ನಾಹೀ." ನಮ್ಮ ಹುಡುಗ ಅಡಕಿ ಸುದ್ದಾ ತಿನ್ನಂಗಿಲ್ಲ ಅಂತ.

ಟಕ್ ಟಕ್ ಟಕ್.

ನಮ್ಮ ದೊಡ್ಡಕ್ಕ ಖುಷಿ ಆಗಿ ಬೆರಳ ಮಡಚಿ ನೆಲಕ್ಕ ಕುಟ್ಟಿದಳು. "ಹಲ್ಲಿ ನುಡೀತು ನೋಡ್ರಿ. ಖರೆ ಅದ, ಖರೆ ಅದ." ನಮ್ಮಲ್ಲಿ ಮಾತಾಡೋವಾಗ ಹಲ್ಲಿ ಲೊಚಗುಟ್ಟಿದರ ಆ ಮಾತು ಖರೆ ಅಂತ ಲೆಕ್ಕ. ಆದರ ಆತ್ಯಾನ ಮಾರಿ ಸಣ್ಣದಾತು. "ಪಾಲ ಚುಕಚುಕಲೀ", ಹಲ್ಲಿ ಲೊಚಗುಟ್ಟಿತು ಅಂತ ತಮ್ಮನ ಕಡಿ ನೋಡಿದಳು. ಮರಾಠಿ ಮನ್ಯಾಗ ಹಲ್ಲಿ ಲೊಚಗುಟ್ಟಿದರ ಎಲ್ಲೋ ಏನೋ ಖೋಟಾ ಅದ, ಸಂಶಯ ಪಡಬೇಕು ಅಂತ ಅರ್ಥ.

ಮಾತು ಎಲ್ಲೋ ತಪ್ಪಲಿಕತ್ತದ ಅಂತ ನನಗ ಅಂಜಿಕಿ ಸುರು ಆತು. ಅಂಜಿಕಿ ಆದಂಗ ಕಿಸೆದಾಗಿನ ಕೈ ತನ್ನ ಕೆಲಸ ತಾನು ಮಾಡ್ಲಿಕತ್ತಿತು. ಮನಿಯಾಕಿ, "ನಮ್ಮ ಹುಡುಗಿ ಹೋಳಿಗಿ ಚಲೋ ಮಾಡ್ತಾಳ್ರೀ" ಅಂದಳು. ಟಕ್ ಟಕ್. ದೊಡ್ಡಕ್ಕ ನೆಲ ಕುಟ್ಟಿದಳು, "ಖರೆ ಅದ." ಆತ್ಯಾ ಸೆರಗ ಬಿಗಿ ಮಾಡ್ಕೊಂಡಳು. "ಸಿಟ್ಟು ಅಂಬೋದೇ ಗೊತ್ತಿಲ್ಲ ಆಕಿಗೆ." ಟಕ್ ಟಕ್ ಟಕ್ ಟಕ್. "ಖರೆ ಅದ." ಆತ್ಯಾ ತಮ್ಮನ ಕಡಿ ಬಾಗಿ, ಹೊಂಡೋಣ ಅನ್ನೋ ಹಂಗ ಕಣ್ಣು ಮಾಡಿದಳು.

ಎಲ್ಲರೂ ಛತ್ತು ನೋಡಿದ್ರು. ನಾನೂ ನೋಡಿದೆ. ಎಲ್ಲಿ ಅದ ಆ ಹಲ್ಲಿ ಅಂತ ಖರೇನೇ ಸಿಟ್ಟು ಬಂದಿತ್ತು ನನಗ. ಕಸಬರಿಗಿ ತಗೊಂಡು ಬಾ ಅಂತ ಮನಿಯಾಕಿಗೆ ಹೇಳಿದೆ.

ಮಗಳು ಚಾಹಾ ಹಿಡಕೊಂಡು ಹೊರಗ ಬಂದಳು. ಛತ್ತು ನೋಡಲಿಲ್ಲ, ಸೀದಾ ನನ್ನ ಕಿಸೆ ನೋಡಿದಳು. ಟ್ರೇ ಕೆಳಗ ಇಟ್ಟಳು. "ಅಪ್ಪಾ, ಕೈ ಹೊರಗ ತೆಗಿ."

ತೆಗದೆ. ಕೈಯಾಗ ಪೆನ್ಸಿಲ್ ಇತ್ತು. ಕಡ್ಡಿ ಪೂರಾ ಹೊರಗ ಬಂದು ಅಂಗಿ ತೂತು ಮಾಡಿ, ಹೊಟ್ಟಿ ಮ್ಯಾಲೆಲ್ಲಾ ಕರಿ ಗೀಟು ಬಿದ್ದಿದ್ದವು. ಆ ಹೊತ್ತಿನ್ಯಾಗ ಅನುಭವಿಸಿದಂಥ ನಾಚಿಕಿ ನಾ ಜನ್ಮದಾಗ ಅನುಭವಿಸಿಲ್ಲ. ಮಗಳ ಕಣ್ಣಾಗ ನೀರು ನಿಂತಿದ್ದವು. ಆಕಿ ಬೇಡಿಕೊಂಡಿದ್ದು ಇದೊಂದೇ, ನಾ ಅದೊಂದೇ ಕೆಡಿಸಿದೆ.

ಮಾಸ್ತರರು ಕೈ ಚಾಚಿ ಪೆನ್ಸಿಲ್ ಇಸಗೊಂಡ್ರು. ಕಿವಿ ಹತ್ತಿರ ಹಿಡಿದು ಒತ್ತಿದ್ರು. ಟಕ್. ಆತ್ಯಾ ಆ ಸಪ್ಪಳ ಕೇಳಿ ಒಮ್ಮೆ ಪೆನ್ಸಿಲ್, ಒಮ್ಮೆ ನನ್ನ ಅಂಗಿ ನೋಡಿದಳು. ಆಮ್ಯಾಲ ಬಾಯಿಗಿ ಸೆರಗ ಇಟ್ಟು ನಗ್ಲಿಕತ್ತಳು. ಹಲ್ಲಿ ಇಲ್ಲ ಅಂದ ಮ್ಯಾಲ ಸಂಶಯ ಯಾತರದು. ತನಗ ಹುಡುಗಿ ಪಸಂದ ಅದ ಅಂದಳು.

ನಮ್ಮ ಜೀವ ತಿರುಗಿ ಬಂತು ಅನ್ನೋದ್ರಾಗ ದೊಡ್ಡಕ್ಕ ಎದ್ದು ನಿಂತಳು. "ಸ್ವಲ್ಪ ತಡೀರಿ. ಹಲ್ಲಿ ನುಡದಿಲ್ಲ ಅಂದ್ರ ಹುಡುಗ ಅಡಕಿ ತಿನ್ನಂಗಿಲ್ಲ ಅಂಬೋದು ಖರೆ ಅಂತ ಹ್ಯಾಂಗ ತಿಳೀಬೇಕು?"

"ತಿನ್ನಂಗಿಲ್ಲ ದೊಡ್ಡತ್ತಿ," ಮಗಳು ತಡೀಲಾರದ ಅಂದಳು, "ಮೂರು ವರ್ಷ ನನ್ನ ಬಾಜೂ ಬೆಂಚಿನ್ಯಾಗೇ ಕೂತಾನ, ನನಗ ಗೊತ್ತಿಲ್ಲೇನು."

ಗೊತ್ತಿದ್ದೂ ಗೊತ್ತಿಲ್ಲದಂಗ ನಾ ಇಟ್ಟಕೊಂಡಿದ್ದ ಸುದ್ದಿ ಎಲ್ಲರಿಗೂ ಗೊತ್ತಾತು. ಆಗ ಟ್ಯೂಬ್‌ಲೈಟಿನ ಹಿಂದಿಂದ ಲೊಚ ಲೊಚ ಲೊಚ ಅಂತ ಸಪ್ಪಳಾತು.

ಎಲ್ಲರೂ ಕೂಡಿ ನನ್ನ ಕೈ ನೋಡಿದ್ರು. ನಾ ಎರಡೂ ಕೈ ಮ್ಯಾಲ ಎತ್ತಿದೆ. ಪೆನ್ಸಿಲ್ ಮಾಸ್ತರರ ಕೈಯಾಗ, ಅವರೂ ಒತ್ತಿಲ್ಲ. ಟ್ಯೂಬ್‌ಲೈಟಿನ ಹಿಂದಿಂದ ದಪ್ಪನ ಖರೇ ಹಲ್ಲಿ ತಲಿ ಹೊರಗ ಹಾಕಿ ನಮ್ಮನ್ನೆಲ್ಲಾ ನೋಡ್ತು. ದೊಡ್ಡಕ್ಕ ನೆಲ ಕುಟ್ಟಿ ಸಮಾಧಾನದಿಂದ ಕೂತಳು. ಆತ್ಯಾನ ನಗು ನಿಂತು ಹೋತು. ಆಕಿ ತಮ್ಮನ ಮಾರಿ ನೋಡಿದಳು.

ಮಾಸ್ತರರು ಚಾಹಾ ಕಪ್ಪು ಎತ್ತಿಕೊಂಡು ಒಂದು ಗುಟುಕು ಕುಡದ್ರು. ಅಕ್ಕನಿಗೆ ತಿಳೀಲಿ ಅಂತ ಸಾವಕಾಶ ಹೇಳಿದ್ರು, "ಅಕ್ಕಾ, ಈ ಹಲ್ಲಿ ಇವರ ಮನಿದು. ಇದು ಕನ್ನಡದಾಗೇ ನುಡದದ."

ಆತ್ಯಾ ಸ್ವಲ್ಪ ಹೊತ್ತು ಹಲ್ಲಿ ನೋಡಿದಳು. ಆಮ್ಯಾಲ ಬೆರಳ ಮಡಚಿ, ನಮ್ಮ ದೊಡ್ಡಕ್ಕನ್ನ ನೋಡ್ಕೋತ, ರೂಢಿ ಇಲ್ಲದ ಕೈಲೇ ತಾನೂ ಒಮ್ಮೆ ನೆಲ ಕುಟ್ಟಿದಳು.

ಹೋಗೋವಾಗ ಮಾಸ್ತರರು ಪೆನ್ಸಿಲ್ ತಿರುಗಿ ಕೊಟ್ಟರು. "ಇಷ್ಟು ಒತ್ತಿದರೂ ಕೆಟ್ಟಿಲ್ಲ, ಮಷೀನ ಗಟ್ಟಿ ಅದ ಬೀಗರೇ. ಆದರ ನನಗ ಮಾಡೋವಾಗ ಸಪ್ಪಳ ಇಲ್ಲದ್ದು ಹಾಕ್ರಿ" ಅಂದ್ರು. ಆವತ್ತಿನಿಂದ ನಾ ಒತ್ತೋ ಮಷೀನ ಬಿಟ್ಟು ತಿರುವೋ ಮಷೀನ ಹಾಕ್ತೀನಿ. ತಿರುವಿದರ ಕಡ್ಡಿ ಸುಮ್ಮನ ಬರ್ತದ, ಟಕ್ ಅನ್ನಂಗಿಲ್ಲ.

ಸಾಖರಪುಡಾ, ಅಂದ್ರ ನಿಶ್ಚಿತಾರ್ಥ, ಉದಗೀರದಾಗ ಆತು. ಪಡಸಾಲಿ ತುಂಬ ಎರಡೂ ಕಡಿ ಮಂದಿ ಕೂತಿದ್ರು. ಶಾಸ್ತ್ರ ಸುರು ಆಗೋಕ್ಕಿಂತ ಮೊದಲ ಆತ್ಯಾ ಸೀದಾ ನನ್ನ ಹತ್ತಿರ ಬಂದಳು. ನನ್ನ ಬಲಗೈಯಾಗ ಒಂದು ತೆಂಗಿನಕಾಯಿ ಇಟ್ಟಳು. ಬೀಗರಿಗೆ ಮಾನ ಮಾಡ್ಲಿಕತ್ತಾಳ ಅಂತ ತಲಿ ಬಾಗಿಸಿದೆ. ಎಡಗೈಯಾಗ ಇನ್ನೊಂದು ಇಟ್ಟಳು. ಆಮ್ಯಾಲ, ವಾರಗಟ್ಲೆ ಕಲತು ಇಟ್ಟಕೊಂಡಿದ್ದಳೋ ಏನೋ, ಎಲ್ಲರಿಗೂ ಕೇಳೋ ಹಂಗ ಕನ್ನಡದಾಗೇ ಹೇಳಿದಳು:

"ಉಂಗುರ ಹಾಕೋ ತನಕ ಎರಡೂ ಕೆಳಗ ಇಡಬ್ಯಾಡ್ರಿ."